ಬದಲಾಗಬಾರದ ಪಟ್ಟಿ ಬದಲಾದದ್ದು ಹೇಗೆ?

ಪ್ರಶ್ನೆ: ಉಡುಪಿ–ಮಂಗಳೂರು ಬಸ್ಸುಗಳ ನಿಲ್ದಾಣ ತೋರಿಸುವ ಸಣ್ಣ ಜಾವಾ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಮುಲ್ಕಿ, ಸುರತ್ಕಲ್ ಎಲ್ಲ ಒಂದು ಅರೇಲಿಸ್ಟ್‌ನಲ್ಲಿವೆ. ರೂಟ್ ಕ್ಲಾಸಿನ ಕನ್‌ಸ್ಟ್ರಕ್ಟರ್ ಅದನ್ನು ‘ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಲಿಸ್ಟ್’ಗೆ ಕೊಟ್ಟು, ಸಿಕ್ಕಿದ್ದನ್ನು ಫೈನಲ್ ಫೀಲ್ಡಿನಲ್ಲಿ ಇಡುತ್ತದೆ. ಆಮೇಲೆ ಅದೇ ಅರೇಲಿಸ್ಟ್‌ನಿಂದ ಕಟಪಾಡಿ, ಉಚ್ಚಿಲ ತೆಗೆದು ಎಕ್ಸ್‌ಪ್ರೆಸ್ ರೂಟ್ ಮಾಡಿದರೆ, ಸರ್ವಿಸ್ ಬಸ್ಸಿನ ರೂಟಿನಿಂದಲೂ ಅವು ಮಾಯ! ಎರರ್ ಕೂಡ ಇಲ್ಲ. ತಪ್ಪೆಲ್ಲಿ?
– ಓದುಗರು, ಉಡುಪಿ

ಉತ್ತರ: ಆ ಮೆಥಡ್ ಪಟ್ಟಿಯ ನಕಲು ಮಾಡುವುದಿಲ್ಲ, ನಿಮ್ಮದೇ ಅರೇಲಿಸ್ಟ್‌ನ ಮುಂದೆ ಗಾಜು ಹಾಕುತ್ತದೆ ಅಷ್ಟೆ. ಬೇಕರಿಯ ಗಾಜಿನ ಕಪಾಟಿದ್ದ ಹಾಗೆ: ಗಿರಾಕಿ ಕೈ ಹಾಕಲಾರ, ಅಂಗಡಿಯವನು ಹಿಂದಿನಿಂದ ಆರಾಮಾಗಿ ತೆಗೆಯಬಹುದು. ಮೂಲ ಅರೇಲಿಸ್ಟ್ ಕೈಯಲ್ಲಿದ್ದ ನೀವು ಆ ಅಂಗಡಿಯವನು. ಫೈನಲ್ ಇಲ್ಲಿ ಉಪಯೋಗಕ್ಕಿಲ್ಲ. ಫೀಲ್ಡು ಬೇರೆ ಪಟ್ಟಿಯತ್ತ ತಿರುಗದಂತೆ ಅದು ತಡೆಯುತ್ತದೆ, ಪಟ್ಟಿಯ ಒಳಗಿನದನ್ನು ಕಾಯುವುದಿಲ್ಲ.

ಕನ್‌ಸ್ಟ್ರಕ್ಟರ್‌ನಲ್ಲಿ ‘ಲಿಸ್ಟ್.ಕಾಪಿಆಫ್’ ಬಳಸಿ. ಅದು ಬದಲಿಸಲಾಗದ ಬೇರೆ ನಕಲು ಕೊಡುತ್ತದೆ, ಜಾವಾ 10ರಿಂದ ಇದೆ. ಇನ್ನೂ ಜಾವಾ 8ರಲ್ಲೇ ಇದ್ದರೆ, ಮೊದಲು ಹೊಸ ಅರೇಲಿಸ್ಟ್‌ಗೆ ನಕಲು ಮಾಡಿ, ಆ ನಕಲಿಗೆ ಗಾಜು ಹಾಕಿ. ಒಂದು ಎಚ್ಚರ: ಪಟ್ಟಿಯಲ್ಲಿ ಎಲ್ಲಾದರೂ ನಲ್ (ಏನೂ ಇಲ್ಲದ ಖಾಲಿ ಜಾಗ) ಇದ್ದರೆ ಕಾಪಿಆಫ್ ಅಲ್ಲೇ ನಲ್‌ಪಾಯಿಂಟರ್‌ಎಕ್ಸೆಪ್ಶನ್ ಎಸೆಯುತ್ತದೆ. ಖಾಲಿ ನಿಲ್ದಾಣವನ್ನು ಬಸ್ ಹೊರಡುವ ಮೊದಲೇ ಹಿಡಿದಂತಾಯಿತು, ಒಳ್ಳೆಯದೇ.

ಇನ್ನೊಂದು ಗುಂಡಿ ಇದಕ್ಕಿಂತ ಆಳ. ನಿಲ್ದಾಣಗಳು ಬರೀ ಸ್ಟ್ರಿಂಗ್ ಆಗಿದ್ದರೆ ಇಲ್ಲಿಗೆ ಕೆಲಸ ಮುಗಿಯಿತು. ಅದರ ಬದಲು ‘ಸೆಟ್‌ಫೇರ್’ ಎಂಬ ಸೆಟರ್ (ದರ ತಿದ್ದುವ ಮೆಥಡ್) ಇರುವ ಆಬ್ಜೆಕ್ಟುಗಳಾಗಿದ್ದರೆ, ಕಾಪಿಆಫ್ ನಕಲು ಮಾಡುವುದು ರೆಫರೆನ್ಸುಗಳನ್ನು, ಅಂದರೆ ಆಬ್ಜೆಕ್ಟಿನತ್ತ ತೋರಿಸುವ ಕೊಂಡಿಗಳನ್ನು ಮಾತ್ರ. ಸುರತ್ಕಲ್‌ನ ದರವನ್ನು ಎಕ್ಸ್‌ಪ್ರೆಸ್‌ನಲ್ಲಿ ತಿದ್ದಿದರೆ ಸರ್ವಿಸ್ ಬಸ್ಸಿನಲ್ಲೂ ಅದೇ ದರ. ಹಾಗಾಗಿ ಸೆಟರ್ ಕಿತ್ತುಹಾಕಿ, ಜಾವಾ 16ರಿಂದ ಸಿಗುವ ರೆಕಾರ್ಡ್ (ಫೀಲ್ಡುಗಳೆಲ್ಲ ಫೈನಲ್ ಆಗಿರುವ ಕ್ಲಾಸ್) ಬಳಸಿ. ರೆಕಾರ್ಡಿನೊಳಗೆ ಪಟ್ಟಿಯೇ ಇದ್ದರೆ ಅಲ್ಲೂ ಕಾಪಿಆಫ್ ಬೇಕು, ರೆಕಾರ್ಡ್ ತಾನಾಗಿ ಅದನ್ನು ಮಾಡಿಕೊಡುವುದಿಲ್ಲ. ಹ್ಯಾಶ್‌ಸೆಟ್‌ಗೆ ಹಾಕಿದ ಆಬ್ಜೆಕ್ಟಿನ ಹೆಸರು ತಿದ್ದುವುದಂತೂ ಇನ್ನೂ ಕೆಟ್ಟದ್ದು. ಹ್ಯಾಶ್‌ಕೋಡ್ (ಸೆಟ್ಟಿನಲ್ಲಿ ಎಲ್ಲಿ ಹುಡುಕಬೇಕೆಂದು ಹೇಳುವ ಸಂಖ್ಯೆ) ಆ ಹೆಸರಿನಿಂದ ಬರುತ್ತಿದ್ದರೆ ‘ಕಂಟೇನ್ಸ್’ ಹೊಸ ಜಾಗದಲ್ಲಿ ಹುಡುಕುತ್ತದೆ. ಆಬ್ಜೆಕ್ಟ್ ಸೆಟ್ಟಿನಲ್ಲೇ ಇದ್ದರೂ ಸಾಮಾನ್ಯವಾಗಿ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ.

ಪ್ರಶ್ನೆ: ‘ಅರೇಸ್.ಆಸ್‌ಲಿಸ್ಟ್’ ಕೊಡುವ ಪಟ್ಟಿಯೂ ಇಮ್ಯೂಟಬಲ್ (ಬದಲಾಯಿಸಲಾಗದ್ದು) ತಾನೇ? ಎಲ್ಲ ಕಡೆ ಇಮ್ಯೂಟಬಲ್ ಪಟ್ಟಿಯನ್ನೇ ಬಳಸಬಹುದೇ?
– ಓದುಗರು, ಮಂಗಳೂರು

ಉತ್ತರ: ಅಲ್ಲ. ಅದರ ಉದ್ದ ಮಾತ್ರ ಸ್ಥಿರ. ‘ಆಡ್’ ಮಾಡಿದರೆ ಅನ್‌ಸಪೋರ್ಟೆಡ್‌ಆಪರೇಶನ್‌ಎಕ್ಸೆಪ್ಶನ್, ‘ಸೆಟ್’ ಮಾಡಿದರೆ ಮಾತಿಲ್ಲದೆ ಬದಲಾಗುತ್ತದೆ. ಜಾವಾದ ತೊಂದರೆಯೇ ಇದು: ಎಲ್ಲದರ ಟೈಪೂ ಲಿಸ್ಟ್. ಕಂಪೈಲರ್ ಸುಮ್ಮನಿರುತ್ತದೆ, ಓಡಿಸುವಾಗ ಪ್ರೋಗ್ರಾಂ ಎಡವುತ್ತದೆ.

ಎರಡನೆಯದಕ್ಕೆ: ಪಟ್ಟಿ ಕಟ್ಟುವಾಗ ಅರೇಲಿಸ್ಟೇ ಇರಲಿ. ಒಂದೊಂದು ಸೇರಿಸುವಾಗಲೂ ಪೂರ್ತಿ ಪಟ್ಟಿ ನಕಲು ಮಾಡುತ್ತ 1,000 ತಲುಪುವಷ್ಟರಲ್ಲಿ, ಹಳೆಯ ರೆಫರೆನ್ಸುಗಳನ್ನೇ ಒಟ್ಟು 4,99,500 ಸಲ ನಕಲು ಮಾಡಿರುತ್ತೀರಿ. ಮೆಥಡಿನ ಒಳಗೆ ಮ್ಯೂಟಬಲ್ ಪಟ್ಟಿಯಲ್ಲಿ ಕಟ್ಟಿ, ಹೊರಗೆ ಕೊಡುವಾಗ ಒಮ್ಮೆ ಕಾಪಿಆಫ್ ಮಾಡಿ.