ಪಕ್ಕದ ಮನೆಯ ವಿಸ್ತರಣೆಗೆ ಬೀದಿಯವರೆಲ್ಲ ಸಹಿ ಹಾಕಿ ವಿರೋಧಿಸಿದರೆ ಇಂಗ್ಲೆಂಡಿನ ಕೌನ್ಸಿಲ್ ಅನುಮತಿ ನಿರಾಕರಿಸುತ್ತದೆಯೇ?

ನಿರಾಕರಿಸುವುದಿಲ್ಲ, ಬೀದಿಯವರೆಲ್ಲ ಒಟ್ಟಾದರು ಎಂಬ ಒಂದೇ ಕಾರಣಕ್ಕಂತೂ ಖಂಡಿತ ನಿರಾಕರಿಸುವುದಿಲ್ಲ. ನಮ್ಮ ಪಕ್ಕದವರು ಹಿತ್ತಿಲ ಕಡೆಗೆ ಎರಡು ಅಂತಸ್ತಿನ ವಿಸ್ತರಣೆ ಕಟ್ಟಲು ಅರ್ಜಿ ಹಾಕಿದ್ದಾರೆಂದು ಕೌನ್ಸಿಲಿನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ಕಾಗದ ಬಂದಾಗ ನಾನೂ ನಿಮ್ಮ ಹಾಗೆಯೇ, ಎಷ್ಟು ಜನರ ಸಹಿ ಸಿಕ್ಕರೆ ಇದು ನಿಲ್ಲಬಹುದು ಎಂದು ಪರಿಚಿತರನ್ನೆಲ್ಲ ಕೇಳುತ್ತ ತಿರುಗಿದ್ದೆ. ಕೇಳಬೇಕಾದ ಪ್ರಶ್ನೆ ಅದಲ್ಲವೆಂದು ತಿಳಿಯುವ ಹೊತ್ತಿಗೆ ಕೌನ್ಸಿಲಿನ ಚುನಾಯಿತ ಸದಸ್ಯರ ಸಮಿತಿಯ ಸಭೆ ಮುಗಿದು ಪಕ್ಕದವರಿಗೆ ಅನುಮತಿ ಸಿಕ್ಕಿತ್ತು.

ನಮ್ಮದು ಜೋಡಿಮನೆ, ನಡುವಿನ ಗೋಡೆ ಎರಡೂ ಮನೆಗೆ ಸೇರಿದ್ದು. ಅವರು ಕಟ್ಟಬೇಕೆಂದಿದ್ದದ್ದು ಹಿಂಗೋಡೆಯಿಂದ ನಾಲ್ಕು ಮೀಟರ್ ಹೊರಚಾಚುವ, ನಮ್ಮ ಬೇಲಿಗೆ ಹೆಚ್ಚುಕಡಿಮೆ ತಾಗಿಕೊಂಡೇ ಮೇಲೇಳುವ ಕಟ್ಟಡ. ಇಂಥ ಮನೆಗೆ ಹಿಂಭಾಗದಲ್ಲಿ ಮೂರು ಮೀಟರಿನೊಳಗಿನ ಒಂದಂತಸ್ತಿನ ವಿಸ್ತರಣೆಯಾದರೆ, ಎತ್ತರ ಮೊದಲಾದ ಉಳಿದ ಷರತ್ತುಗಳನ್ನು ಪಾಲಿಸಿದಲ್ಲಿ, ಸಾಮಾನ್ಯವಾಗಿ ಪ್ಲಾನಿಂಗ್ ಅರ್ಜಿಯೇ ಬೇಕಾಗುವುದಿಲ್ಲ. 2015ರ ಸರ್ಕಾರಿ ಆದೇಶ ಅದಕ್ಕೆ ಮೊದಲೇ ಅನುಮತಿ ಕೊಟ್ಟಿದೆ. ಗಡಿಯಿಂದ ಎರಡು ಮೀಟರಿನೊಳಗೆ ಸೂರು ಮೂರು ಮೀಟರ್ ಎತ್ತರವನ್ನು ಮೀರಿದರೆ ಆ ರಿಯಾಯಿತಿ ತಪ್ಪುತ್ತದೆ, ಎರಡನೆಯ ಅಂತಸ್ತು ಸಹಜವಾಗಿಯೇ ಅದನ್ನು ಮೀರುತ್ತದೆ. ಇದನ್ನು ಮೊದಲಿಗೇ ಹೇಳಲು ಕಾರಣವಿದೆ: ನೀವು ಈ ಅರ್ಜಿಯನ್ನು ಸೋಲಿಸಿದರೂ ನಿಮ್ಮ ಪಕ್ಕದವರು ಯಾರನ್ನೂ ಕೇಳದೆ ಕಟ್ಟಬಹುದಾದದ್ದು ಒಂದಿಷ್ಟು ಉಳಿದೇ ಇರುತ್ತದೆ, ಮತ್ತು ಅಧಿಕಾರಿಗಳು ಅರ್ಜಿಯನ್ನು ತೂಗುವಾಗ ಆ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಆಕ್ಷೇಪಣೆಗೆ 21 ದಿನಗಳ ಅವಕಾಶವಿತ್ತು. ಮನವಿ ಎಂದರೆ ಸಹಿಗಳ ಉದ್ದನೆಯ ಪಟ್ಟಿ ಎಂಬ ತಿಳಿವಳಿಕೆಯಲ್ಲೇ ಬೆಳೆದವರು ನಾವು. ಆ ದಿನಗಳಲ್ಲಿ ಬಹುಪಾಲನ್ನು ನಾನು ಮನೆಮನೆಯ ಬಾಗಿಲು ತಟ್ಟುವುದರಲ್ಲಿ ಕಳೆದೆ. ಒಂದೇ ಒಕ್ಕಣೆಯ ಪತ್ರವನ್ನು ಮುದ್ರಿಸಿ ಹಂಚಿದೆ. ನಮ್ಮ ಮನೆಗಳ ಬೆಲೆ ಇಳಿಯುತ್ತದೆ, ಹಿತ್ತಿಲಿನಿಂದ ಕಾಣುವ ಮರಗಳ ಸಾಲು ಮರೆಯಾಗುತ್ತದೆ, ತಿಂಗಳುಗಟ್ಟಲೆ ಕಟ್ಟಡ ಕೆಲಸದ ಸದ್ದಿರುತ್ತದೆ, ಅರ್ಜಿದಾರರು ಇದನ್ನು ಬಾಡಿಗೆಯ ಆಸೆಗಾಗಿಯೇ ಮಾಡುತ್ತಿದ್ದಾರೆ ಎಂದೆಲ್ಲ ಅದರಲ್ಲಿ ಬರೆದಿದ್ದೆ. ಬೀದಿಯಲ್ಲಿ ಒಳ್ಳೆಯ ಬೆಂಬಲ ಸಿಕ್ಕಿತು, ನಾನು ಬೀಗಿದೆ.

ಆ ನಾಲ್ಕು ಕಾರಣಗಳಲ್ಲಿ ಒಂದಕ್ಕೂ ಕೌನ್ಸಿಲಿನ ತಕ್ಕಡಿಯಲ್ಲಿ ತೂಕವಿರಲಿಲ್ಲ. 2004ರ ಪ್ಲಾನಿಂಗ್ ಕಾಯಿದೆಯ 38(6)ನೆಯ ಕಲಮಿನ ಪ್ರಕಾರ ಅರ್ಜಿಯ ತೀರ್ಮಾನ ಆ ಪ್ರದೇಶದ ಅಭಿವೃದ್ಧಿ ಯೋಜನೆಗೆ ಅನುಗುಣವಾಗಿರಬೇಕು; ಅದರಿಂದ ಸರಿಯಬೇಕಾದರೆ ಪ್ಲಾನಿಂಗಿಗೆ ಸಂಬಂಧಪಟ್ಟ ಮಹತ್ವದ ಅಂಶವೊಂದು ಇರಲೇಬೇಕು. ಬೆಳಕು ತಪ್ಪುವುದು, ಖಾಸಗಿತನಕ್ಕೆ ಧಕ್ಕೆಯಾಗುವಂತೆ ಕಿಟಕಿ ಇಣುಕುವುದು, ಕಟ್ಟಡದ ಗಾತ್ರ ಪಕ್ಕದ ಮನೆಯನ್ನು ಅಮುಕುವಂತಿರುವುದು, ವಿನ್ಯಾಸ ಬೀದಿಗೆ ಒಗ್ಗದಿರುವುದು, ವಾಹನ ನಿಲುಗಡೆ, ನೀರಿನ ಹರಿವು, ಇವು ಅಂಥ ಅಂಶಗಳು. ಮನೆಯ ಬೆಲೆ, ಕಿಟಕಿಯಿಂದ ಕಾಣುವ ನೋಟ, ಕಟ್ಟುವಾಗಿನ ತಾತ್ಕಾಲಿಕ ಕಿರಿಕಿರಿ, ಅರ್ಜಿದಾರರ ನಡತೆ ಅಥವಾ ಉದ್ದೇಶ, ಇವು ಅಲ್ಲ. ಒಂದು ನ್ಯಾಯವಾದ ಕಾರಣವನ್ನು ಒಬ್ಬರೇ ಬರೆದರೂ ಅಧಿಕಾರಿ ಅದನ್ನು ಪರಿಶೀಲಿಸಲೇಬೇಕು, ಆದರೆ ನಿರರ್ಥಕ ಕಾರಣವನ್ನು ಇಡೀ ಬೀದಿ ಬರೆದರೆ ವರದಿಯಲ್ಲಿ ‘ಇವು ಪರಿಗಣನೆಗೆ ಬರುವುದಿಲ್ಲ’ ಎಂಬ ಒಂದು ಸಾಲು ಸೇರುತ್ತದೆ, ಅಷ್ಟೆ.

ಆದರೆ ನನಗೆ ದುಬಾರಿಯಾದದ್ದು ಈ ಪತ್ರದಲ್ಲಿ ಇದ್ದದ್ದಲ್ಲ, ಇಲ್ಲದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಹಿಂಭಾಗದ ವಿಸ್ತರಣೆಯಿಂದ ಪಕ್ಕದ ಮನೆಗೆ ಬೆಳಕು ತಪ್ಪುತ್ತದೆಯೇ ಎಂದು ನೋಡಲು ಅನೇಕ ಕೌನ್ಸಿಲುಗಳು 45 ಡಿಗ್ರಿಯ ಒಂದು ಸರಳ ಪರೀಕ್ಷೆಯನ್ನು ಬಳಸುತ್ತವೆ. ಪಕ್ಕದ ಮನೆಯ ಹಿಂಗೋಡೆಯಲ್ಲಿ ಗಡಿಗೆ ಅತಿ ಸಮೀಪದ, ಜನ ಕೂತು ಎದ್ದು ಬಾಳುವ ಕೋಣೆಯ ಕಿಟಕಿಯ ಮಧ್ಯಭಾಗದಿಂದ, ನಕ್ಷೆಯ ಮೇಲೆ 45 ಡಿಗ್ರಿಯ ಗೆರೆಯನ್ನು ವಿಸ್ತರಣೆಯ ಕಡೆಗೆ ಎಳೆಯುತ್ತಾರೆ. ಗೆರೆಗೆ ಹೊಸ ಕಟ್ಟಡ ಅಡ್ಡ ಬಂದರೆ ಬೆಳಕಿಗೆ ತೊಂದರೆಯಿದೆ ಎಂಬ ಗುಮಾನಿ ಹುಟ್ಟುತ್ತದೆ. ಎರಡೂ ಮನೆಗಳ ಹಿಂಗೋಡೆ ಒಂದೇ ಸಾಲಿನಲ್ಲಿದ್ದು ವಿಸ್ತರಣೆ ನಾಲ್ಕು ಮೀಟರ್ ಚಾಚಿದರೆ, ಅದರ ಪಕ್ಕದ ಗೋಡೆಯಿಂದ ನಾಲ್ಕು ಮೀಟರಿಗಿಂತ ಹತ್ತಿರದಲ್ಲಿ ಕಿಟಕಿಯ ಮಧ್ಯವಿದ್ದಲ್ಲಿ ಗೆರೆ ತಡೆಯಲ್ಪಡುತ್ತದೆ, ಅದಕ್ಕಿಂತ ದೂರವಿದ್ದಲ್ಲಿ ಪಾರಾಗುತ್ತದೆ. ಜಟಿಲವಾದ ಗಣಿತವೇನೂ ಇಲ್ಲ. ಯಾವ ಕಿಟಕಿಯಿಂದ ಗೆರೆ ಎಳೆಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಮ್ಮ ಮನೆಯಲ್ಲಿ ಗಡಿಗೆ ಹತ್ತಿರದ ಕಿಟಕಿ ಊಟದ ಕೋಣೆಯದು. ಹಿಂದಿನ ಮಾಲೀಕರು ಆ ಕೋಣೆಯಲ್ಲಿ ಸಾಮಾನು ತುಂಬಿದ್ದರು. ನಾವು ಅದನ್ನು ತೆರವು ಮಾಡಿ, ಮಕ್ಕಳು ಓದುವುದಕ್ಕೂ ಎಲ್ಲರೂ ಉಣ್ಣುವುದಕ್ಕೂ ಬಳಸುತ್ತಿದ್ದೆವು. ಅರ್ಜಿದಾರರ ವಾಸ್ತುಶಿಲ್ಪಿ ನಮ್ಮ ಮನೆಯ ಹಳೆಯ ನಕ್ಷೆಯನ್ನು ಎಲ್ಲಿಂದಲೋ ತಂದು, ಆ ಕೋಣೆಯನ್ನು ‘ಸ್ಟೋರ್’ ಎಂದು ಗುರುತಿಸಿ, ಅದರಾಚೆಯ ಬೈಠಕ್ಕಿನ ಕೋಣೆಯ ಕಿಟಕಿಯಿಂದ ಗೆರೆ ಎಳೆದಿದ್ದರು. ಗೆರೆ ಸುಲಭವಾಗಿ ಪಾರಾಗಿತ್ತು. ಆ ನಕ್ಷೆ ಕೌನ್ಸಿಲಿನ ಜಾಲತಾಣದಲ್ಲಿ ಮೊದಲ ದಿನದಿಂದಲೇ ಇತ್ತು. ನಾನು ಅದನ್ನು ತೆರೆದಿದ್ದೆ ಕೂಡ. ಆದರೆ ಅವರ ಗೋಡೆ ಎಷ್ಟು ಎತ್ತರ, ಅವರ ಕಿಟಕಿ ಎತ್ತ ಮುಖ ಎಂದು ಅವರ ಮನೆಯನ್ನೇ ದುರುಗುಟ್ಟಿ ನೋಡಿದೆನೇ ಹೊರತು, ತೆಳುವಾದ ಬೂದು ಗೆರೆಯಲ್ಲಿ ಬರೆದಿದ್ದ ನನ್ನ ಮನೆಯ ಮೇಲೆ ಕಣ್ಣಾಡಿಸಲಿಲ್ಲ. ತಪ್ಪು ಗಮನಕ್ಕೆ ಬಂದದ್ದು ಅವಧಿಯ ಕೊನೆಯಲ್ಲಿ. ಆಗಲೂ, ಅಧಿಕಾರಿ ಸ್ಥಳ ಪರಿಶೀಲನೆಗೆ ಬಂದೇ ಬರುತ್ತಾರೆ, ಬಂದಾಗ ಕಣ್ಣಿಗೆ ಬೀಳುತ್ತದೆ, ತಪ್ಪು ನಕ್ಷೆ ಕೊಟ್ಟದ್ದು ಅವರ ತಲೆನೋವು ಎಂದುಕೊಂಡು ಸುಮ್ಮನಾದೆ. ಅಧಿಕಾರಿ ಬಂದರು. ಅರ್ಜಿದಾರರ ಹಿತ್ತಿಲಲ್ಲಿ ನಿಂತು ನೋಡಿ ಹೋದರು. ನಮ್ಮ ಬಾಗಿಲನ್ನು ತಟ್ಟಲಿಲ್ಲ, ತಟ್ಟುವ ಕಟ್ಟುಪಾಡೂ ಅವರಿಗಿರಲಿಲ್ಲ, ಏಕೆಂದರೆ ಒಳಗೆ ನೋಡಬೇಕಾದ್ದು ಏನೋ ಇದೆಯೆಂದು ಯಾರೂ ಅವರಿಗೆ ಬರೆದಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಪರದೆ ಇಳಿಬಿಟ್ಟ ಒಂದು ಕಿಟಕಿ ಮಾತ್ರ. ಒಂದು ವಾಕ್ಯ, ಜೊತೆಗೆ ಕೋಣೆಯೊಳಗಿಂದ ತೆಗೆದ ಒಂದು ಫೋಟೊ, ಇಷ್ಟು ಕಳುಹಿಸಿದ್ದರೆ ಸಾಕಿತ್ತು.

ವಾರ್ಡಿನ ಕೌನ್ಸಿಲರ್ ಕೇಳಿಕೊಂಡದ್ದರಿಂದ ಅರ್ಜಿ ಸಮಿತಿಯ ಮುಂದೆ ಬಂತು. ಇದು ಸಾಮಾನ್ಯವಲ್ಲ, ಇಂಗ್ಲೆಂಡಿನಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಅರ್ಜಿಗಳನ್ನು ಅಧಿಕಾರಿಗಳೇ ತೀರ್ಮಾನಿಸುತ್ತಾರೆ. ಸಮಿತಿಗೆ ಹೋಯಿತೆಂದು ನಾನು ಅರ್ಧ ಗೆದ್ದವನಂತೆ ಓಡಾಡಿದೆ. ಸಭೆಗೆ ಐದು ಪೂರ್ಣ ದಿನಗಳ ಮೊದಲು ವರದಿ ಪ್ರಕಟವಾಗಬೇಕು, ಆಗಿತ್ತು. ‘45 ಡಿಗ್ರಿ ಪರೀಕ್ಷೆಯಲ್ಲಿ ಉತ್ತೀರ್ಣ, ಅನುಮತಿಗೆ ಶಿಫಾರಸು’ ಎಂದು ಅದರಲ್ಲಿತ್ತು. ವಿರೋಧಿಸುವವರಿಗೆಲ್ಲ ಸೇರಿ ಮೂರು ನಿಮಿಷ. ಅದರಲ್ಲಿ ಹೆಚ್ಚಿನದನ್ನು ನಾನು ಬೀದಿಯ ಒಗ್ಗಟ್ಟಿನ ಬಣ್ಣನೆಗೆ ಸುರಿದು, ಕೊನೆಯಲ್ಲಿ ಕಿಟಕಿಯ ವಿಷಯ ಎತ್ತಿ ಫೋಟೊ ತೋರಿಸಲು ಹೋದೆ. ಸಭೆಯಲ್ಲಿ ಹೊಸ ದಾಖಲೆ ಸ್ವೀಕರಿಸುವ ಪದ್ಧತಿಯಿಲ್ಲವೆಂದು ಅಧ್ಯಕ್ಷರು ಹೇಳಿದರು. ಸದಸ್ಯರೊಬ್ಬರು ಅಧಿಕಾರಿಯನ್ನು ಕೇಳಿದಾಗ, ಸಲ್ಲಿಸಿದ ನಕ್ಷೆಯಲ್ಲಿ ಅದು ಸ್ಟೋರ್ ಎಂದಿದೆ, ಆಕ್ಷೇಪಣೆಗಳಲ್ಲಿ ಯಾರೂ ಇದನ್ನು ಪ್ರಶ್ನಿಸಿಲ್ಲ ಎಂದು ಉತ್ತರ ಬಂತು. ಎರಡೂ ನಿಜ. ಮತಕ್ಕೆ ಹಾಕಿದರು, ಅನುಮತಿ ಸಿಕ್ಕಿತು. ನಮಗೆ ದಕ್ಕಿದ್ದು ಪಕ್ಕದ ಕಿಟಕಿಗೆ ಮಸುಕುಗಾಜು ಹಾಕಬೇಕೆಂಬ ಒಂದು ಷರತ್ತು.

ಮೇಲ್ಮನವಿ ಸಲ್ಲಿಸಬಹುದಲ್ಲ ಎನ್ನುತ್ತೀರಿ. ಇಲ್ಲ. ಈ ವ್ಯವಸ್ಥೆಯಲ್ಲಿ ಮೇಲ್ಮನವಿಯ ಹಕ್ಕು ಅರ್ಜಿದಾರರದು ಮಾತ್ರ. ಆಕ್ಷೇಪಿಸಿದ ನೆರೆಯವರಿಗೆ ಅದಿಲ್ಲ. ಉಳಿಯುವುದು ಆರು ವಾರಗಳೊಳಗೆ ನ್ಯಾಯಾಲಯದಲ್ಲಿ ತೀರ್ಮಾನದ ಕಾನೂನುಬದ್ಧತೆಯನ್ನು ಪ್ರಶ್ನಿಸುವ ದಾರಿ, ಅದಕ್ಕೆ ತಗಲುವ ಖರ್ಚಿನಲ್ಲಿ ನಾನೇ ಒಂದು ವಿಸ್ತರಣೆ ಕಟ್ಟಿಸಬಹುದಿತ್ತು. ವಕೀಲರಂತೂ, ತನಗೆ ತಿಳಿಸದೇ ಇದ್ದದ್ದನ್ನು ಕೌನ್ಸಿಲ್ ಪರಿಗಣಿಸಲಿಲ್ಲವೆಂದು ದೂರುವುದು ಕಷ್ಟ ಎಂದು ಮೊದಲ ಭೇಟಿಯಲ್ಲೇ ಹೇಳಿ ಕಳಿಸಿದರು. ಕೌನ್ಸಿಲಿನ ಮೇಲಿನ ದೂರುಗಳನ್ನು ನೋಡುವ ಒಂಬುಡ್ಸ್‌ಮನ್ ಕಾರ್ಯವಿಧಾನದ ಲೋಪವನ್ನು ವಿಚಾರಿಸಬಲ್ಲರು, ಅನುಮತಿಯನ್ನು ರದ್ದುಮಾಡಲಾರರು. ಇದೆಲ್ಲ ಮುಗಿದ ಮೇಲೆ ಬೇಲಿಯ ಬಳಿ ಸಿಕ್ಕ ವಾಸ್ತುಶಿಲ್ಪಿ, ಮೊದಲೇ ಹೇಳಿದ್ದರೆ ಮೇಲಿನ ಅಂತಸ್ತನ್ನು ಹಿಂದಕ್ಕೆ ಸರಿಸಿ ನಕ್ಷೆ ತಿದ್ದುತ್ತಿದ್ದೆವು, ಇಂಥದ್ದು ದಿನವೂ ನಡೆಯುತ್ತದೆ ಎಂದರು. ಆ ಮಾತು ಕೇಳಿದ ಮೇಲೆ ಎಷ್ಟೋ ಕಾಲ ಅವರ ಮೇಲಿನದಕ್ಕಿಂತ ನನ್ನ ಮೇಲೇ ಸಿಟ್ಟಿತ್ತು.

ನಿಮ್ಮ ಪ್ರಶ್ನೆಯ ಹಿಂದೆ ಸಮಿತಿಯ ಸದಸ್ಯರು ಜನರ ಪ್ರತಿನಿಧಿಗಳು, ಜನ ಬೇಡವೆಂದರೆ ಅವರೂ ಬೇಡವೆನ್ನಬೇಕು ಎಂಬ ನಂಬಿಕೆಯಿದೆ. ಅದನ್ನು ಬಿಡಿ. ನಮ್ಮ ಅರ್ಜಿಯ ಸಂಜೆಯೇ ಫ್ಲ್ಯಾಟುಗಳ ಅರ್ಜಿಯೊಂದಿತ್ತು. ಸಭಾಂಗಣ ತುಂಬಿ ಜನ ಹೊರಗೂ ನಿಂತಿದ್ದರು. ಅಧಿಕಾರಿಯ ಶಿಫಾರಸನ್ನು ತಳ್ಳಿ ಸಮಿತಿ ಅನುಮತಿ ನಿರಾಕರಿಸಿತು, ಚಪ್ಪಾಳೆಯಾಯಿತು. ಮುಂದೆ ಅರ್ಜಿದಾರರು ಮೇಲ್ಮನವಿ ಹಾಕಿ ಗೆದ್ದರು, ಕಟ್ಟಡ ಈಗ ನಿಂತಿದೆ. ಶಿಫಾರಸಿಗೆ ವಿರುದ್ಧ ಹೋಗುವ ಅಧಿಕಾರ ಸಮಿತಿಗೆ ಖಂಡಿತ ಇದೆ, ಆದರೆ ನಿರಾಕರಣೆಗೆ ಪ್ಲಾನಿಂಗಿನ ಕಾರಣ ಕೊಡಬೇಕು, ಆ ಕಾರಣ ಮೇಲ್ಮನವಿಯನ್ನು ತೀರ್ಮಾನಿಸುವ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಬೇಕು. ಆಧಾರವಿಲ್ಲದೆ ನಿರಾಕರಿಸಿದರೆ ಅರ್ಜಿದಾರರ ಖರ್ಚನ್ನೂ ಕೌನ್ಸಿಲ್ ತೆರಬೇಕಾಗಬಹುದು. ಸದಸ್ಯರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಅವರಿಗೆ ಬೇಕಾದದ್ದು ನಿಮ್ಮ ಬೀದಿಯ ಕೋಪವಲ್ಲ, ನಿರಾಕರಣೆಯ ಆದೇಶದಲ್ಲಿ ನಾಚಿಕೆಯಿಲ್ಲದೆ ಬರೆಯಬಹುದಾದ ಒಂದು ವಾಕ್ಯ.

ಸಹಿ ಸಂಗ್ರಹ ನಿಲ್ಲಿಸಿ. ನಿಮ್ಮ ಮನೆಯನ್ನು ಅವರ ನಕ್ಷೆಯಲ್ಲಿ ಹೇಗೆ ಬರೆದಿದ್ದಾರೆಂದು ಮೊದಲು ನೋಡಿ. ಕಿಟಕಿ, ಕೋಣೆ, ನೆಲದ ಮಟ್ಟ, ಗಡಿ, ಒಂದೊಂದನ್ನೂ ಅಳತೆಪಟ್ಟಿ ಹಿಡಿದು ತಾಳೆ ಹಾಕಿ. ನಿಮ್ಮ ಕೌನ್ಸಿಲಿನ ಸ್ಥಳೀಯ ಯೋಜನೆಯಲ್ಲಿ ಮನೆ ವಿಸ್ತರಣೆಯ ನಿಯಮವನ್ನು ಹುಡುಕಿ, ಅದರ ಸಂಖ್ಯೆಯನ್ನು ಹೆಸರಿಸಿ, ಎರಡು ಪುಟ ಮೀರದ ಪತ್ರ ಬರೆದು, ನಮ್ಮ ಮನೆಯೊಳಗಿಂದ ನೋಡಲು ಬನ್ನಿ ಎಂದು ಅಧಿಕಾರಿಯನ್ನು ಬರವಣಿಗೆಯಲ್ಲಿ ಆಹ್ವಾನಿಸಿ. ಆ ಪತ್ರ ನಿಮ್ಮ ಹೆಸರಿನೊಡನೆ ಸಾರ್ವಜನಿಕ ದಾಖಲೆಯಾಗುತ್ತದೆ, ಪಕ್ಕದವರೂ ಓದುತ್ತಾರೆ, ಹಾಗಾಗಿ ಅವರ ಬಗ್ಗೆ ಒಂದಕ್ಷರವೂ ಬೇಡ. ಇನ್ನೊಂದು ಕಾರಣಕ್ಕೂ ಅದನ್ನು ಎಚ್ಚರದಿಂದ ಬರೆಯಿರಿ: ಅನುಮತಿ ನಿರಾಕರಣೆಯಾಗಿ ಅವರು 12 ವಾರಗಳೊಳಗೆ ಮನೆ ವಿಸ್ತರಣೆಯ ಸರಳ ಮೇಲ್ಮನವಿಗೆ ಹೋದರೆ ನಿಮಗೆ ಹೊಸದಾಗಿ ಏನನ್ನೂ ಸೇರಿಸುವ ಅವಕಾಶವಿರುವುದಿಲ್ಲ, ಇನ್‌ಸ್ಪೆಕ್ಟರ್ ಓದುವುದು ನೀವು ಈಗ ಬರೆದ ಪತ್ರವನ್ನೇ.

‘ತಿರಸ್ಕರಿಸಿ’ ಎಂದು ಮಾತ್ರ ಕೇಳುವುದು ನನ್ನ ದೃಷ್ಟಿಯಲ್ಲಿ ಹಟಮಾರಿತನ. ಮೇಲಿನ ಅಂತಸ್ತನ್ನು ಹಿಂದಕ್ಕೆ ಸರಿಸಲಿ, ಸೂರು ತಗ್ಗಿಸಲಿ, ಇಣುಕುವ ಕಿಟಕಿಗೆ ಮಸುಕುಗಾಜು ಹಾಕಿ ತೆರೆಯಲಾಗದಂತೆ ಮಾಡಲಿ ಎಂದು ನಿರ್ದಿಷ್ಟವಾಗಿ ಕೇಳಿದರೆ ಅಧಿಕಾರಿ ಅದನ್ನು ಅರ್ಜಿದಾರರ ಮುಂದಿಟ್ಟು ತಿದ್ದಿದ ನಕ್ಷೆ ತರಿಸಿಕೊಳ್ಳಬಲ್ಲರು. ಇಂಥ ಸಣ್ಣ ಅರ್ಜಿಗೆ ಎಂಟು ವಾರಗಳ ಗಡುವಿರುವುದರಿಂದ ಈ ಮಾತುಕತೆ ಆರಂಭದಲ್ಲೇ ಆಗಬೇಕು. ವಾರ್ಡಿನ ಕೌನ್ಸಿಲರನ್ನು ಕಾಣಿ, ಸಮಿತಿಗೆ ಕರೆಸಲು ಪ್ಲಾನಿಂಗಿನ ಕಾರಣವನ್ನು ಅವರಿಗೆ ಬರೆದುಕೊಡಿ, ಅದಕ್ಕೂ ಪ್ರತಿ ಕೌನ್ಸಿಲಿನಲ್ಲಿ ಪ್ರತ್ಯೇಕ ಗಡುವಿರುತ್ತದೆ. ಆದರೆ ಸಮಿತಿಯಲ್ಲೇ ಕೂರುವ ಸದಸ್ಯರಿಂದ ಮತದ ಭರವಸೆ ಕೇಳಬೇಡಿ. ಮೊದಲೊಮ್ಮೆ ಅಭಿಪ್ರಾಯ ಹೇಳಿದ ಮಾತ್ರಕ್ಕೆ ಸದಸ್ಯರ ಮನಸ್ಸು ಮುಚ್ಚಿದೆಯೆಂದು ತಿಳಿಯುವಂತಿಲ್ಲವೆಂದು 2011ರ ಲೋಕಲಿಸಂ ಕಾಯಿದೆ ಹೇಳುತ್ತದೆ ನಿಜ; ಆದರೂ ಮತವನ್ನು ಮೊದಲೇ ಒಪ್ಪಿಸಿಬಿಟ್ಟವರು ಆ ಅರ್ಜಿಯ ಮಟ್ಟಿಗೆ ಹೊರಗುಳಿಯಬೇಕಾಗಬಹುದು, ನಿಮ್ಮ ಪರವಾದ ಒಂದು ಮತವನ್ನು ನೀವೇ ಕಳೆದುಕೊಂಡಂತಾಗುತ್ತದೆ.

ಅಡಿಪಾಯ ಅಗೆದಾಗ ನಮ್ಮ ಗೋಡೆ ಬಿರುಕು ಬಿಟ್ಟರೆ ಎಂಬ ನಿಮ್ಮ ಇನ್ನೊಂದು ಆತಂಕಕ್ಕೂ ಈ ಅರ್ಜಿಗೂ ಸಂಬಂಧವಿಲ್ಲ, ಅದನ್ನು ಪತ್ರದಲ್ಲಿ ಬರೆಯಬೇಡಿ. ಅದಕ್ಕೆ ನೆರೆಮನೆಗಳ ನಡುವಿನ ಗೋಡೆ, ಅಗೆತಗಳ ಕುರಿತಾದ 1996ರ ಪಾರ್ಟಿ ವಾಲ್ ಕಾಯಿದೆಯಿದೆ: ನಿಮ್ಮ ಕಟ್ಟಡದಿಂದ ಮೂರು ಮೀಟರಿನೊಳಗೆ, ನಿಮ್ಮ ಅಡಿಪಾಯಕ್ಕಿಂತ ಆಳಕ್ಕೆ ಅಗೆಯುವುದಾದರೆ ಅವರು ಒಂದು ತಿಂಗಳ ಮೊದಲೇ ನಿಮಗೆ ಲಿಖಿತ ನೋಟಿಸ್ ಕೊಡಬೇಕು. ನೀವು ಒಪ್ಪಿಗೆ ಕೊಡದಿದ್ದರೆ ವ್ಯಾಜ್ಯ ಬಗೆಹರಿಸುವ ಸರ್ವೇಯರ್ ನೇಮಕವಾಗುತ್ತದೆ, ಅವರ ಶುಲ್ಕವನ್ನು ಸಾಮಾನ್ಯವಾಗಿ ಕಟ್ಟುವವರೇ ಭರಿಸುತ್ತಾರೆ. ನೋಟಿಸ್ ಬಂದಾಗ ಸೌಜನ್ಯಕ್ಕಾಗಿ ಕೂಡಲೇ ಸಹಿ ಹಾಕಿಬಿಡಬೇಡಿ. ಕೆಲಸ ಶುರುವಾಗುವ ಮುನ್ನ ನಿಮ್ಮ ಗೋಡೆಗಳ ಸ್ಥಿತಿಯನ್ನು ಫೋಟೊ ಸಹಿತ ದಾಖಲಿಸಲು ಹೇಳಿ.