ಓದುಗರ ಪ್ರಶ್ನೆ: ಬಲ್ಬ್ ಉರಿಯುತ್ತದೆ, ಮಿಕ್ಸಿ ಹಾಕಿದರೆ ಇನ್ವರ್ಟರ್ ಬಂದ್!

ಪ್ರಶ್ನೆ: ಅಣ್ಣಾ, ನಾನು, ನನ್ನ ಮಗ ಸಂಜೆ 4ರಿಂದ 8ರವರೆಗೆ ಕಾರವಾರದ ಟ್ಯಾಗೋರ್ ಬೀಚ್ ಹತ್ತಿರ ವ್ಯಾನ್ ನಿಲ್ಲಿಸಿ ಅನಾನಸ್ ಜ್ಯೂಸ್ ಮಾರುತ್ತೇವೆ. ಹಣ್ಣು ಬನವಾಸಿ ಕಡೆಯದ್ದು. ಹೋದ ತಿಂಗಳು 1000 ವ್ಯಾಟಿನ ಇನ್ವರ್ಟರ್ ತಂದು ವ್ಯಾನಿನ ಹಿಂದೆ ಕೂರಿಸಿದೆವು. ವ್ಯಾನಿನ ಬ್ಯಾಟರಿಯಿಂದಲೇ 4 ಮೀಟರ್ ದೂರಕ್ಕೆ ಮನೆ ವೈರಿಂಗಿನ 6 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದಾರೆ. ಬಲ್ಬ್, ಮೊಬೈಲ್ ಚಾರ್ಜರ್ ಚೆನ್ನಾಗಿ ನಡೆಯುತ್ತವೆ. 750 ವ್ಯಾಟಿನ ಮಿಕ್ಸಿ ಹಾಕಿದ ಕೂಡಲೇ ಕೂಗಿಕೊಂಡು ಬಂದ್ ಆಗುತ್ತದೆ. ಅಂಗಡಿಯವರು 2000 ವ್ಯಾಟಿನದ್ದು ತಗೊಳ್ಳಿ ಅಂತಾರೆ. ದಿನಕ್ಕೆ 60 ಗ್ಲಾಸ್ ಹೋಗುತ್ತದೆ, ಒಂದಕ್ಕೆ ಒಂದು ನಿಮಿಷ ಮಿಕ್ಸಿ ತಿರುಗುತ್ತದೆ. ಏನು ಮಾಡಲಿ?

ಉತ್ತರ: ಅಕ್ಕಾ, ಆ 2000 ವ್ಯಾಟಿನದ್ದಕ್ಕೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಇನ್ವರ್ಟರ್ ಹೆಚ್ಚಾಗಿ ಸರಿಯಾಗಿಯೇ ಇದೆ. ಅದಕ್ಕೆ ಸಿಗಬೇಕಾದ ಕರೆಂಟ್ ಸಿಗುತ್ತಿಲ್ಲ, ಅಷ್ಟೇ.

ಲೆಕ್ಕ ಸುಲಭ. ಮನೆಯಲ್ಲಿ 230 ವೋಲ್ಟಿನಲ್ಲಿ ನಿಮ್ಮ ಮಿಕ್ಸಿ ಎಳೆಯುವುದು ಮೂರು ಆಂಪಿಯರ್ ಚಿಲ್ಲರೆ. ಅದೇ ಶಕ್ತಿ 12 ವೋಲ್ಟಿನ ಬ್ಯಾಟರಿಯಿಂದ ಬರಬೇಕಾದರೆ, ಇನ್ವರ್ಟರಿನೊಳಗೆ ಸೋರಿಹೋಗುವುದನ್ನೂ ಸೇರಿಸಿ, ಸುಮಾರು 75 ಆಂಪಿಯರ್ ಬೇಕು. ಮೋಟರ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಇನ್ನೂ ಜಾಸ್ತಿ. ನಿಮ್ಮ ವೈರ್ ಹೋಗಿ ಬರುವ ದಾರಿ 8 ಮೀಟರ್ ಆಯಿತು. 6 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಇಷ್ಟು ಕರೆಂಟ್ ಹರಿದರೆ ದಾರಿಯಲ್ಲೇ ಒಂದೂ ಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ಹತ್ತಿರ 12.2 ಇದ್ದದ್ದು ಇನ್ವರ್ಟರಿಗೆ ಮುಟ್ಟುವಾಗ 10.5ಕ್ಕಿಂತ ಕೆಳಗೆ. ಬಹಳಷ್ಟು ಇನ್ವರ್ಟರುಗಳು ಅಲ್ಲಿಗೆ ಬಂದರೆ ಬ್ಯಾಟರಿ ಖಾಲಿ ಅಂದುಕೊಂಡು ತಾವೇ ಬಂದ್ ಆಗುತ್ತವೆ. 2000 ವ್ಯಾಟಿನದ್ದು ತಂದರೂ ಇದೇ ವೈರ್, ಇದೇ ಕೂಗು, ಅಲ್ವಾ? ಒಂದು ಮಲ್ಟಿಮೀಟರ್ ತಂದು, ಮಿಕ್ಸಿ ಒತ್ತಿದಾಗ ಬ್ಯಾಟರಿಯ ಹತ್ತಿರ ಒಮ್ಮೆ, ಇನ್ವರ್ಟರಿನ ಹತ್ತಿರ ಒಮ್ಮೆ ವೋಲ್ಟ್ ನೋಡಿ. ನಡುವಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕಳೆದುಹೋದ ಆ ವೋಲ್ಟ್ ಸುಮ್ನೆ ಮಾಯವಾಗುವುದಿಲ್ಲ, ವೈರಿನಲ್ಲಿ ಬಿಸಿಯಾಗುತ್ತದೆ. ನನಗೆ ಹೆದರಿಕೆ ಇರುವುದು ಇಲ್ಲಿಯೇ. 12 ವೋಲ್ಟ್ ಅಲ್ವಾ, ಏನೂ ಆಗುವುದಿಲ್ಲ ಅನ್ನುವ ಮಾತನ್ನು ನಾನೂ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ನನ್ನ ವ್ಯಾನಿಗೆ ಒಂದು ಅಂಗಡಿಯವರು ಇನ್ವರ್ಟರ್ ಹಾಕಿಕೊಟ್ಟರು. ಫ್ಯೂಸ್ ಇಟ್ಟದ್ದು ಇನ್ವರ್ಟರಿನ ತುದಿಯಲ್ಲಿ, ಬ್ಯಾಟರಿಯ ಹತ್ತಿರ ಇಲ್ಲ. ಶಿರಸಿಯಿಂದ ಕುಮಟಾಕ್ಕೆ ಬರುತ್ತಾ ದೇವಿಮನೆ ಘಾಟ್ ಇಳಿಯುವಾಗ ಮ್ಯಾಟಿನ ಕೆಳಗಿಂದ ಹೊಗೆ ಬಂತು. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ವೈರ್ ಉಜ್ಜಿ ಉಜ್ಜಿ, ಸಿಪ್ಪೆ ಹರಿದು, ವ್ಯಾನಿನ ತಗಡಿಗೆ ತಾಗಿತ್ತು. ಇನ್ವರ್ಟರ್ ಆಫ್ ಇತ್ತು, ಆದರೂ ವೈರ್ ಸುಡುತ್ತಿತ್ತು, ಯಾಕೆಂದರೆ ಬ್ಯಾಟರಿಯಿಂದ ಆ ಜಾಗದವರೆಗೆ ಕರೆಂಟನ್ನು ತಡೆಯುವಂಥದ್ದು ಏನೂ ಇರಲಿಲ್ಲ. ಹೆಂಡತಿ ಮಕ್ಕಳು ಹಿಂದಿನ ಸೀಟಿನಲ್ಲಿದ್ದರು. ಅವರನ್ನು ಇಳಿಸಿ, ಸ್ಪ್ಯಾನರ್ ಹುಡುಕಿ ಟರ್ಮಿನಲ್ ಕಳಚುವಷ್ಟರಲ್ಲಿ ಜೀವ ಕೈಗೆ ಬಂದಿತ್ತು. ಅದಕ್ಕೇ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ: ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನ ಒಳಗೆ. ಅದು ಕಾಯುವುದು ಇನ್ವರ್ಟರನ್ನಲ್ಲ, ವೈರನ್ನು, ವೈರಿನ ಮೂಲಕ ನಿಮ್ಮನ್ನು.

ಈಗ ನಿಮ್ಮ ವ್ಯಾನಿಗೆ ಬರೋಣ. ವಾಹನದ ಬ್ಯಾಟರಿಯನ್ನು ಈ ಕೆಲಸದಿಂದ ಬಿಟ್ಟುಬಿಡಿ. ಅದು ಸೆಲ್ಫ್ ಹೊಡೆಯಲು ಮಾಡಿದ್ದು, ಎರಡು ಮೂರು ಸೆಕೆಂಡು ಜೋರಾಗಿ ಕೊಟ್ಟು ಸುಮ್ಮನಾಗುವಂಥದ್ದು. ದಿನಾ ಖಾಲಿ ಮಾಡಿದರೆ ಬೇಗ ಸಾಯುತ್ತದೆ, ರಾತ್ರಿ 8ಕ್ಕೆ ವ್ಯಾನ್ ತಳ್ಳುವ ಕೆಲಸ ನಿಮ್ಮ ಮಗನಿಗೆ. ಜ್ಯೂಸಿಗೇ ಬೇರೆ ಬ್ಯಾಟರಿ ಇಡಿ. 60 ನಿಮಿಷ ಮಿಕ್ಸಿ ಅಂದರೆ 750 ವ್ಯಾಟ್ ಅವರ್, ಸೋರಿಕೆ ಸೇರಿ ಸುಮಾರು 880. ಲಿಥಿಯಂ ಐರನ್ ಫಾಸ್ಫೇಟ್ ಜಾತಿಯ 12.8 ವೋಲ್ಟ್, 100 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ 1280 ವ್ಯಾಟ್ ಅವರ್ ಇರುತ್ತದೆ, ಸ್ವಲ್ಪ ಉಳಿಸಿಕೊಂಡರೂ ನಿಮಗೆ ಸಾಕು. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಹಾಗಾಗಿ 150 ಎಎಚ್ ಬೇಕು. ಲಿಥಿಯಂ ಕೊಳ್ಳುವಾಗ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಒಂದೇ ಸಮನೆ 100 ಆಂಪಿಯರ್ ಕೊಡುತ್ತದೆಯೇ ಎಂದು ಕೇಳಿ. 50 ಆಂಪಿಯರಿನದ್ದಾದರೆ ಮಿಕ್ಸಿಗೆ ಮತ್ತೆ ಬಂದ್.

ಬ್ಯಾಟರಿಯನ್ನು ಇನ್ವರ್ಟರಿನ ಪಕ್ಕದಲ್ಲೇ ಇಟ್ಟು ಬಿಗಿಯಾಗಿ ಕಟ್ಟಿ. ವೈರ್ ಒಂದು ಮೀಟರ್ ಒಳಗಿರಲಿ, 25 ಸ್ಕ್ವೇರ್ ಎಂಎಂ ತಾಮ್ರದ್ದು. ಆಗ ಕಳೆಯುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗ ಮಾತ್ರ. ಫ್ಯೂಸ್ 125 ಆಂಪಿಯರ್, ಇನ್ವರ್ಟರಿನ ಮ್ಯಾನ್ಯುಯಲ್ ಬೇರೆ ಹೇಳಿದ್ದರೆ ಅದರಂತೆ. ಇನ್ವರ್ಟರ್ ಮೇಲೆ ಬರೆದ 1000 ವ್ಯಾಟ್ ನಿರಂತರದ್ದೋ, ಒಂದು ಗಳಿಗೆಯ ಪೀಕ್ ಲೆಕ್ಕವೋ ನೋಡಿಕೊಳ್ಳಿ. ಅದು ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು) ಅಲ್ಲದಿದ್ದರೆ ಮಿಕ್ಸಿ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗಬಹುದು. ಸುತ್ತ ಗಾಳಿ ಆಡಲಿ, ಮೇಲೆ ಗೋಣಿಚೀಲ, ಹಣ್ಣಿನ ಬುಟ್ಟಿ ಬೇಡ.

ಚಾರ್ಜ್ ಎಲ್ಲಿಂದ? ಎಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರಿನಿಂದ ಮಾಡಬಹುದು, ಡಿಸಿ ಟು ಡಿಸಿ ಚಾರ್ಜರ್ (ಆ ಕರೆಂಟನ್ನು ಈ ಬ್ಯಾಟರಿಗೆ ತಕ್ಕಂತೆ ಬದಲಿಸುವಂಥದ್ದು) ಹಾಕಿ. ಆದರೆ ಮನೆಯಿಂದ ಬೀಚಿಗೆ ಕಾಲು ಗಂಟೆ ಓಡಿಸಿದರೆ 30 ಆಂಪಿಯರಿನ ಲೆಕ್ಕದಲ್ಲೂ ಸಿಗುವುದು ಏಳೂವರೆ ಎಎಚ್. ಅಷ್ಟಕ್ಕೆ ಆ ಖರ್ಚು ನಿಮಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಲಿಥಿಯಂಗೆಂದೇ ಇರುವ 20 ಆಂಪಿಯರ್ ಚಾರ್ಜರ್ ತಂದು ರಾತ್ರಿ ಮನೆಯ ಹೆಸ್ಕಾಂ ಕರೆಂಟಿನಲ್ಲಿ ಹಾಕಿ, ನಾಲ್ಕೈದು ಗಂಟೆಯಲ್ಲಿ ತುಂಬುತ್ತದೆ. ಆದರೆ ಇನ್ವರ್ಟರಿನ ಕರೆಂಟ್ ಹೊರಬರುವ ಸಾಕೆಟ್ಟಿಗೆ ಮನೆಯ ಕರೆಂಟ್ ಯಾವತ್ತೂ ಸೇರಿಸಬೇಡಿ.

ಇನ್ನೊಂದು. ಒದ್ದೆ ಕೈ, ಹಣ್ಣಿನ ರಸ, ಕಾಲಡಿ ಮರಳು, ಇವುಗಳ ನಡುವೆ ನೀವು ಮುಟ್ಟುವುದು 230 ವೋಲ್ಟನ್ನೇ. ಬ್ಯಾಟರಿಯಿಂದ ಬಂತು ಎಂದು ಅದು ಮೆತ್ತಗಾಗುವುದಿಲ್ಲ. ಸಾಕೆಟ್ ಎತ್ತರದಲ್ಲಿ, ನೀರು ಸಿಡಿಯದ ಜಾಗದಲ್ಲಿರಲಿ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಆದರೆ ಸುಮ್ನೆ ಹಾಕಿದರೆ ಅದು ಬೀಳದೆಯೂ ಇರಬಹುದು. ಇನ್ವರ್ಟರಿನ ನ್ಯೂಟ್ರಲ್ ಲೋಹದ ಬಾಡಿಯ ಜತೆ ಸೇರಿದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ, ಕೆಲವು ಇನ್ವರ್ಟರುಗಳಲ್ಲಿ ಹಾಗೆ ಸೇರಿಸಿದರೆ ಇನ್ವರ್ಟರೇ ಸುಟ್ಟುಹೋಗುತ್ತದೆ. ಮ್ಯಾನ್ಯುಯಲ್ ಓದಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಜಾತ್ರೆಗಳಿಗೆ ಮೈಕ್ ಸೆಟ್ ಒಯ್ಯುತ್ತೇವೆ. ಮನೆಯ ಹಳೆ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ವ್ಯಾನಿನಲ್ಲಿ ಇಡಬಹುದೇ? – ಶಿರಸಿಯ ಓದುಗರು

ಉತ್ತರ: ಬೇಡ. ಘಾಟಿನ ತಿರುವಿನಲ್ಲಿ ಆಸಿಡ್ ತುಳುಕುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ವ್ಯಾನಿನಲ್ಲಿ ಒಂದು ಕಿಡಿ ಸಾಕು. 50 ಕಿಲೋಗೂ ಜಾಸ್ತಿ ಭಾರ ಬೇರೆ, ಜೋರಾಗಿ ಬ್ರೇಕ್ ಹಾಕಿದರೆ ಡ್ರೈವರ್ ಬೆನ್ನಿಗೇ ಬರುತ್ತದೆ. ಸೀಲ್ ಆದ ಬ್ಯಾಟರಿ ತೆಗೆದುಕೊಳ್ಳಿ.

ಪ್ರಶ್ನೆ: ವ್ಯಾನಿನ ಇನ್ವರ್ಟರ್ ವೈರಿನ ತುದಿ ಒಂದೇ ವರ್ಷದಲ್ಲಿ ಹಸಿರುಗಟ್ಟಿ ಬಿಸಿಯಾಗುತ್ತಿದೆ. – ಅಂಕೋಲಾದ ಓದುಗರು

ಉತ್ತರ: ಉಪ್ಪುಗಾಳಿ. ಆ ಹಸಿರು ಕಿಲುಬು ವೈರಿನ ಒಳಗೂ ಹತ್ತಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ, ಆ ತುಂಡನ್ನು ಕತ್ತರಿಸಿ ತೆಗೆಯಿರಿ. ಮುಂದಿನ ಸಲ ತವರ ಲೇಪದ ತಾಮ್ರದ ವೈರ್, ಅಂಥದ್ದೇ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಹಾಕಿಸಿ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿಯಬಾರದು, ಕ್ರಿಂಪಿಂಗ್ ಟೂಲಿನಿಂದಲೇ ಒತ್ತಬೇಕು. ಅದರ ಮೇಲೆ, ಒಳಮೈಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿಸಿ. ನಟ್ಟು ಬಿಗಿ ಮಾಡಿದ ನಂತರ ಹೊರಗಿನಿಂದ ವ್ಯಾಸಲೀನ್ ಸವರಿ. ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬಿಚ್ಚಿ ನೋಡಿ.