ಅಚ್ಚುಕೂಟದ ಪ್ರಶ್ನೋತ್ತರ: ತಪ್ಪು ಒತ್ತಡದ್ದಲ್ಲ, ರೋಲರಿನದ್ದು

ಪ್ರಶ್ನೆ: ಟ್ರೆಡಲ್ ಎಂಬ ಲೆಟರ್‌ಪ್ರೆಸ್ (ಉಬ್ಬಿದ ಅಕ್ಷರಕ್ಕೆ ಮಸಿ ಹಚ್ಚಿ ಕಾಗದಕ್ಕೆ ಒತ್ತುವ) ಮಷಿನ್‌ನಲ್ಲಿ ಪಾಲಿಮರ್ ಪ್ಲೇಟ್ (ಅಕ್ಷರ ಉಬ್ಬಿ ನಿಂತ ಪ್ಲಾಸ್ಟಿಕ್ ಹಾಳೆ) ಹಾಕಿ, 600 ಜಿಎಸ್‌ಎಂ (ಚದರ ಮೀಟರಿಗೆ 600 ಗ್ರಾಂ ತೂಗುವ) ಹತ್ತಿ ಕಾಗದದ ಮೇಲೆ ಆಮಂತ್ರಣ ಅಚ್ಚು ಮಾಡುತ್ತಿದ್ದೇನೆ. ಅಕ್ಷರ ದಪ್ಪಗಾಗಿ, ಸುತ್ತ ಮಸಿಯ ಅಂಚು ಕಟ್ಟಿಕೊಳ್ಳುತ್ತಿದೆ. ಒತ್ತಡ ಹೆಚ್ಚಿಸಿದರೆ ಇನ್ನಷ್ಟು ಕೆಡುತ್ತದೆ. ಎಲ್ಲಿ ಎಡವಟ್ಟಾಗಿದೆ?

ಉತ್ತರ: ಒತ್ತಡದ ಗೊಡವೆಗೆ ಈಗಲೇ ಹೋಗಬೇಡಿ. ಮೊದಲು ನೋಡಬೇಕಾದ್ದು ಅಕ್ಷರಕ್ಕೆ ಮಸಿ ಹಚ್ಚುವ ರೋಲರ್. ಅದು ಅಕ್ಷರದ ನೆತ್ತಿಯನ್ನಷ್ಟೇ ಸವರಿಕೊಂಡು ಹೋಗಬೇಕು. ತಗ್ಗಿದ್ದರೆ ಅಕ್ಷರದ ಪಕ್ಕೆಗೂ ಮಸಿ ಬಳಿಯುತ್ತದೆ. ಮೆತ್ತನೆಯ ಕಾಗದದೊಳಗೆ ಅಕ್ಷರ ಇಳಿದಾಗ ಆ ಪಕ್ಕೆಯ ಮಸಿಯೂ ಕಾಗದಕ್ಕೆ ಹತ್ತುತ್ತದೆ. ಆದ್ದರಿಂದಲೇ ಒತ್ತಡ ಹೆಚ್ಚಿದಷ್ಟೂ ಅಂಚು ದಪ್ಪವಾಗುತ್ತಿದೆ.

ಅಳೆದು ನೋಡಿ. ಮೊಳೆಯ (ಅಚ್ಚಿನ ಸೀಸದ ಅಕ್ಷರದ) ಎತ್ತರ 0.918 ಇಂಚು, ಸುಮಾರು 23.3 ಮಿ.ಮೀ. ಅಷ್ಟೇ ಎತ್ತರದ ಅಳತೆ ತುಂಡಾದ ರೋಲರ್ ಗೇಜನ್ನು ಮಸಿ ಹಚ್ಚಿದ ರೋಲರ್ ಕೆಳಗೆ ತೂರಿಸಿ ಎಳೆಯಿರಿ. ಅದರ ಮೇಲೆ ಮೂಡುವ ಮಸಿಯ ಪಟ್ಟಿ 2ರಿಂದ 3 ಮಿ.ಮೀ. ಅಗಲವಿದ್ದರೆ ಸರಿ. 6 ಮಿ.ಮೀ. ಬಂದರೆ ರೋಲರ್ ತಗ್ಗಿದೆ ಎಂದೇ ಅರ್ಥ. ಎಡತುದಿ, ಬಲತುದಿ, ಮೇಲೆ, ಕೆಳಗೆ ಎಲ್ಲ ಕಡೆ ನೋಡಿ. ಹಳೆಯ ಮಷಿನ್‌ಗಳಲ್ಲಿ ರೋಲರ್ ಓಡುವ ಹಳಿ ಒಂದೇ ಸಮ ಸವೆದಿರುವುದು ಅಪರೂಪ. ಸವೆದ ಕಡೆ ಹಳಿಯ ಮೇಲೆ ಗಟ್ಟಿ ಟೇಪ್ ಒಂದೊಂದೇ ಪದರ ಅಂಟಿಸುತ್ತ ಮತ್ತೆ ಅಳೆಯಿರಿ. ರೋಲರಿನ ತುದಿಯ ಗಾಲಿಗಳ ವ್ಯಾಸ ರೋಲರಿನ ವ್ಯಾಸಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ರೋಲರ್ ಉರುಳುವ ಬದಲು ಜಾರುತ್ತದೆ, ಆಗ ಅಕ್ಷರದ ಒಂದು ಮಗ್ಗುಲಿಗೆ ಮಾತ್ರ ಮಸಿ ಎಳೆದಂತೆ ಕಾಣುತ್ತದೆ. ಪ್ಲೇಟ್, ಅದರ ಅಂಟು, ಕೆಳಗಿನ ಲೋಹದ ಬೇಸ್ ಮೂರೂ ಸೇರಿ 0.918 ಇಂಚು ದಾಟಿದರೂ ಇದೇ ಕಾಯಿಲೆ.

ಇದೆಲ್ಲ ಸರಿಯಿದ್ದರೆ ಮಸಿ ಹೆಚ್ಚಾಗಿದೆ. ಹದ ತಿಳಿಯಲು ಕಿವಿಯೇ ಸಾಕು: ಮಸಿ ಮಿತವಾಗಿದ್ದರೆ ರೋಲರಿನಿಂದ ಸಣ್ಣಗೆ ಸರಸರ ಸದ್ದು, ಮಿತಿ ಮೀರಿದರೆ ಜೋರಾಗಿ ಚಟಚಟ. ಸ್ವಲ್ಪದಲ್ಲೇ ಶುರುಮಾಡಿ. ಮತ್ತೆ ಸೇರಿಸಿದ ಮೇಲೆ ಹತ್ತಿಪ್ಪತ್ತು ರದ್ದಿ ಹಾಳೆ ಓಡಿಸಿಯೇ ತೀರ್ಮಾನಕ್ಕೆ ಬನ್ನಿ.

ಒತ್ತಡದ ಸರದಿ ಇದಾದ ಮೇಲೆ. ಪ್ಲಾಟನ್ (ಕಾಗದವನ್ನು ಅಕ್ಷರಕ್ಕೆ ಒತ್ತುವ ಫಲಕ) ಮೇಲೆ ಬಿಗಿದ ಟಿಂಪನ್ ಹಾಳೆಯ ಕೆಳಗೆ ಒಂದು ಗಟ್ಟಿ ಪ್ರೆಸ್‌ಬೋರ್ಡ್ ರಟ್ಟು, ಜೊತೆಗೆ ಎರಡು ಮೂರು ತೆಳು ಹಾಳೆ ಇರಲಿ. ಅಕ್ಷರ ಕಾಗದದೊಳಗೆ ಇಳಿದ ಆಳ ಸಾಲದಿದ್ದರೆ ಒಂದೊಂದೇ ಹಾಳೆ ಸೇರಿಸಿ. ಬಟ್ಟೆ, ಫೋಮ್‌ನಂಥ ಮೆತ್ತನೆಯದು ಇಟ್ಟರೆ ತಗ್ಗಿನ ಅಂಚು ಉರುಟಾಗಿ, ಕಾರ್ಡಿನ ಬೆನ್ನಿನಲ್ಲಿ ಅಕ್ಷರ ಉಬ್ಬುತ್ತದೆ. ಒಂದು ಮೂಲೆ ಮಾತ್ರ ಮಸುಕಾಗಿ ಬಂತೆಂದು ಪ್ಲಾಟನ್ ಬೋಲ್ಟ್ ತಿರುಗಿಸಲು ಹೋಗಬೇಡಿ, ಅದು ಮುಗಿಯದ ಕೆಲಸ. ಆ ಜಾಗಕ್ಕೆ ಸರಿಯಾಗಿ ಟಿಂಪನ್ ಕೆಳಗೆ ಟಿಶ್ಯೂ ತುಂಡು ಅಂಟಿಸಿದರೆ ಸಾಕು. ಸೀಸದ ಮೊಳೆಗೆ ಮಾತ್ರ ಇಷ್ಟು ಆಳದ ಆಸೆ ಬೇಡ, ಮೊಳೆಯ ಮುಖ ಹಾಳಾಗುತ್ತದೆ. ಆಳ ಬೇಕೆಂದರೆ ಪಾಲಿಮರ್ ಪ್ಲೇಟೇ ಸರಿ.

ಪ್ರಶ್ನೆ: ಪ್ಲೇಟ್ ಮಾಡುವವರಿಗೆ ಫೈಲ್ ಹೇಗೆ ಕೊಡಬೇಕು? ಕನ್ನಡ ಅಕ್ಷರಕ್ಕೆ ಬೇರೆ ಎಚ್ಚರಿಕೆ ಏನಾದರೂ ಇದೆಯೇ?

ಉತ್ತರ: ವೆಕ್ಟರ್ ಫೈಲ್ (ಚುಕ್ಕಿಗಳಲ್ಲ, ಗೆರೆಗಳ ರೂಪದಲ್ಲಿರುವ ಫೈಲ್) ಕೊಡಿ, ಎಲ್ಲವೂ 100% ಕಪ್ಪು. ಬೂದು ಛಾಯೆ ಇದ್ದರೆ ಅದು ಚುಕ್ಕಿಗಳಾಗಿ ಒಡೆಯುತ್ತದೆ. ಎರಡು ಬಣ್ಣವಿದ್ದರೆ ಎರಡು ಪ್ರತ್ಯೇಕ ಪುಟ, ಎರಡರಲ್ಲೂ ಒಂದೇ ಜಾಗದಲ್ಲಿ ಕ್ರಾಪ್ (ಎಲ್ಲಿ ಕತ್ತರಿಸಬೇಕೆಂಬ) ಗುರುತು. ಗೆರೆ 0.35 ಪಾಯಿಂಟ್‌ಗಿಂತ ತೆಳುವಾದರೆ ಪ್ಲೇಟ್ ತೊಳೆಯುವಾಗ ಅಲೆಅಲೆಯಾಗುತ್ತದೆ ಅಥವಾ ಕಿತ್ತುಹೋಗುತ್ತದೆ. ಕಪ್ಪಿನೊಳಗೆ ಬಿಳಿಯಾಗಿ ಉಳಿಯಬೇಕಾದ ಗೆರೆಗೆ ಕನಿಷ್ಠ 1 ಪಾಯಿಂಟ್ ಬೇಕು, ಇಲ್ಲದಿದ್ದರೆ ಮಸಿ ತುಂಬಿಕೊಳ್ಳುತ್ತದೆ.

ಕನ್ನಡದಲ್ಲಿ ಕಷ್ಟ ಕೊಡುವುದು ಒತ್ತಕ್ಷರ. ‘ರಾಷ್ಟ್ರ’ ಎಂಬ ಪದವನ್ನು 8 ಪಾಯಿಂಟ್‌ನಲ್ಲಿ ಅಚ್ಚು ಮಾಡಿ ನೋಡಿ: ಕೆಳಗಿನ ಎರಡು ಒತ್ತುಗಳ ಒಳಜಾಗ ಮುಚ್ಚಿ ಮಸಿಯ ಮುದ್ದೆಯಾಗಿರುತ್ತದೆ. ಆಮಂತ್ರಣದ ಅತಿ ಚಿಕ್ಕ ಸಾಲಿಗೂ 10 ಪಾಯಿಂಟ್ ಇಡಿ, ಸಾಲಿನ ಅಂತರ 15 ಪಾಯಿಂಟ್‌ಗೆ ಕಡಿಮೆ ಮಾಡಬೇಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟಿದರೆ ಅಲ್ಲಿಯೂ ಮಸಿ ಸೇರುತ್ತದೆ. ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ಕರ್ವ್‌ಗೆ (ಫಾಂಟ್ ಬೇಡದ ಬರಿಯ ಆಕಾರಕ್ಕೆ) ಬದಲಾಯಿಸಿ. ಮಾಡದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಬಿಡಿಯಾಗಿ ಪಕ್ಕಕ್ಕೆ ಜಿಗಿದು ಕೂತಿರುತ್ತದೆ. ಬದಲಾಯಿಸಿದ ಮೇಲೆ ಮತ್ತೊಮ್ಮೆ ಓದಿ. ಪ್ಲೇಟ್ ಆದಮೇಲೆ ಕರಡು ತಿದ್ದುವುದೆಂದರೆ ಹೊಸ ಪ್ಲೇಟ್.

ಪ್ರಶ್ನೆ: ಕಾರ್ಡಿನ ಅರ್ಧ ಭಾಗ ತುಂಬು ನೀಲಿ, ಅದರ ಪಕ್ಕದಲ್ಲಿ ಸಣ್ಣ ಅಕ್ಷರ. ನೀಲಿಯಲ್ಲಿ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕಿ ಉಳಿಯುತ್ತಿದೆ.

ಉತ್ತರ: ಲೆಟರ್‌ಪ್ರೆಸ್‌ಗೆ ಒಗ್ಗದ ವಿನ್ಯಾಸ ಇದು. ತುಂಬು ಜಾಗಕ್ಕೆ ಮಸಿಯೂ ಒತ್ತಡವೂ ಹೆಚ್ಚು ಬೇಕು, ಸಣ್ಣ ಅಕ್ಷರಕ್ಕೆ ಎರಡೂ ಕಡಿಮೆ. ಒಂದೇ ಪ್ಲೇಟಿನಲ್ಲಿ ಇಬ್ಬರನ್ನೂ ಒಲಿಸಲಾಗದು. ಬಣ್ಣ ಒಂದೇ ಆದರೂ ಎರಡು ಪ್ಲೇಟ್ ಮಾಡಿಸಿ ಎರಡು ಸಲ ಓಡಿಸಿ. ನೀಲಿಯ ಸರದಿಯಲ್ಲಿ ಪ್ರತಿ ಹಾಳೆಗೂ ಮುನ್ನ ರೋಲರ್ ಎರಡು ಸಲ ಓಡಲಿ. ಚುಕ್ಕಿ ಇನ್ನೂ ಉಳಿದರೆ ಹಾಳೆಯನ್ನು ಕದಲಿಸದೆ ಎರಡನೆಯ ಅಚ್ಚು ಕೊಡಿ. ಬಣ್ಣ ಕಾರ್ಡಿನ ಅಂಚಿನವರೆಗೂ ಬರಬೇಕಿದ್ದರೆ ದೊಡ್ಡ ಹಾಳೆಯಲ್ಲಿ 3 ಮಿ.ಮೀ. ಹೊರಚಾಚಿ ಅಚ್ಚು ಮಾಡಿ, ಒಣಗಿದ ಮೇಲೆ ಕತ್ತರಿಸಿ. ಇಷ್ಟೆಲ್ಲ ಮಾಡಿದರೂ ತುಂಬು ಜಾಗದಲ್ಲಿ ತಗ್ಗು ಕಾಣದು; ತಗ್ಗು ಕಾಣಲು ಪಕ್ಕದಲ್ಲಿ ಖಾಲಿ ಕಾಗದ ಬೇಕು.

ಪ್ರಶ್ನೆ: ಕಪ್ಪು ಕಾರ್ಡಿನ ಮೇಲೆ ಬಿಳಿ ಅಕ್ಷರ ಸಾಧ್ಯವೇ?

ಉತ್ತರ: ಮಸಿಯಲ್ಲಿ ಆಗದು. ಅಚ್ಚಿನ ಮಸಿ ಅರೆಪಾರದರ್ಶಕ, ಬಿಳಿ ಹಾಕಿದರೆ ಮಂಕು ಬೂದು ಕಾಣುತ್ತದೆ. ಬೆಳ್ಳಿ ಮಸಿ ಎರಡು ಸಲ ಹಾಕಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಅಪ್ಪಟ ಬಿಳಿಯೇ ಬೇಕಾದರೆ ಫಾಯಿಲ್ (ಬಿಸಿಯಿಂದ ಒತ್ತಿ ಅಂಟಿಸುವ ತೆಳು ಪೊರೆ) ಮಾಡಿಸಿ.

ಪ್ರಶ್ನೆ: ಎರಡನೆಯ ಬಣ್ಣ ಕೆಲವು ಕಾರ್ಡಿನಲ್ಲಿ ಸರಿಯಾಗಿ ಕೂರುತ್ತದೆ, ಕೆಲವದರಲ್ಲಿ ಒಂದು ಮಿ.ಮೀ. ಅತ್ತಿತ್ತ.

ಉತ್ತರ: ಎಲ್ಲ ಕಾರ್ಡಿನಲ್ಲೂ ಒಂದೇ ಕಡೆ ಸರಿದಿದ್ದರೆ ಕಾಗದವನ್ನು ಜಾಗದಲ್ಲಿ ನಿಲ್ಲಿಸುವ ಗೇಜ್ ಪಿನ್ ಸರಿಸಿದರೆ ಮುಗಿಯಿತು. ಕೆಲವದರಲ್ಲಿ ಮಾತ್ರ ಎಂದರೆ ಕಾಗದ ಪಿನ್ನಿಗೆ ಸರಿಯಾಗಿ ಕೂರುತ್ತಿಲ್ಲ. ಎರಡೂ ಸರದಿಯಲ್ಲಿ ಅದೇ ಎರಡು ಅಂಚು ಪಿನ್ನಿಗೆ ತಾಗಬೇಕು. ಮೊದಲೇ ಆ ಮೂಲೆಗೆ ಪೆನ್ಸಿಲ್ ಗುರುತು ಹಾಕಿಡಿ. ಹತ್ತಿ ಕಾಗದದ ಹರಿದಂತಿರುವ ಅಂಚನ್ನು ಪಿನ್ನಿಗೆ ಕೊಡಬೇಡಿ, ಕತ್ತರಿಸಿದ ನೇರ ಅಂಚೇ ಬೇಕು. ಗಾಳಿಯ ತೇವಕ್ಕೆ ಕಾಗದ ಹಿಗ್ಗುವುದರಿಂದ ಅಚ್ಚಿಗೆ ಮುನ್ನ ಒಂದು ದಿನ ಅದೇ ಕೋಣೆಯಲ್ಲಿರಲಿ, ಎರಡು ಸರದಿಗಳ ನಡುವೆ ಪ್ಲಾಸ್ಟಿಕ್ ಹೊದಿಸಿ. ಆಳದ ಅಚ್ಚು ಕಾಗದವನ್ನು ಎಳೆಯುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಇನ್ನು ಎರಡು ಬಣ್ಣ ಒಂದಕ್ಕೊಂದು ತಾಗುವಂಥ ವಿನ್ಯಾಸವನ್ನೇ ಬಿಟ್ಟು ನಡುವೆ 1 ಮಿ.ಮೀ. ಜಾಗ ಕೊಟ್ಟರೆ ಅರ್ಧ ತಲೆನೋವು ತಪ್ಪುತ್ತದೆ.

ಪ್ರಶ್ನೆ: 100 ಕಾರ್ಡಿಗೆ ಕಾಗದ ಎಷ್ಟು ಹೆಚ್ಚು ತರಿಸಬೇಕು?

ಉತ್ತರ: ಒಂದು ಬಣ್ಣಕ್ಕೆ 15, ಎರಡಕ್ಕೆ 25ರಿಂದ 30. ಹೊಂದಾಣಿಕೆಯ ಆರಂಭದ ಹಾಳೆಗಳಿಗೆ ರದ್ದಿ ಸಾಕು, ಆದರೆ ದಪ್ಪ ಅಷ್ಟೇ ಇರಬೇಕು. ತೆಳು ಹಾಳೆಯಲ್ಲಿ ಹೊಂದಿಸಿದ ಒತ್ತಡ ದಪ್ಪ ಕಾರ್ಡಿಗೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಕೆಲಸ ಮುಗಿದ ಪಾಲಿಮರ್ ಪ್ಲೇಟ್ ಮರುಬಳಕೆಗೆ ಬರುತ್ತದೆಯೇ? ನೀರಿನಲ್ಲಿ ತೊಳೆದಿಟ್ಟರೆ ಅಂಟಂಟಾಯಿತು.

ಉತ್ತರ: ನೀರಿನಲ್ಲಿ ತೊಳೆದೇ ತಯಾರಿಸುವ ಪ್ಲೇಟ್ ಅದು, ನೀರು ಬಿದ್ದರೆ ಮೆತ್ತಗಾಗುತ್ತದೆ. ಅಡುಗೆ ಎಣ್ಣೆಯಲ್ಲಿ ಮಸಿ ಸಡಿಲಿಸಿ, ಮಿನರಲ್ ಸ್ಪಿರಿಟ್ (ಪೇಂಟ್ ತೆಳುಮಾಡುವ ದ್ರಾವಕ) ಸ್ವಲ್ಪವೇ ತಾಕಿಸಿದ ಬಟ್ಟೆಯಿಂದ ಒರೆಸಿ. ಅಂಟಿನ ಕಡೆಗೆ ಹಾಳೆ ಹಚ್ಚಿ, ಜಿಪ್ ಚೀಲದಲ್ಲಿ ಗಾಳಿ ತೆಗೆದು, ಬೆಳಕು ಬೀಳದ ಕಡೆ ಸಪಾಟಾಗಿ ಇಡಿ. ಬಿಸಿಲಿಗೆ ಬಿಟ್ಟರೆ ಒಣಗಿ ಸುರುಳಿಯಾಗುತ್ತದೆ. ಬಗ್ಗಿಸಿ ನೇರ ಮಾಡಹೋದರೆ ಸೀಳುತ್ತದೆ.